ವೀರೇಂದ್ರನ ಮನೆಗೆ ಮಾಳಿಗೆ ದಾರಿ

ನಾಲ್ಕು ದಿನಗಳಿಂದ ವೀರೇಂದ್ರ ತನ್ನ ಮನೆಗೆ ಕಳ್ಳನಂತೆ ಹೋಗುತ್ತಿದ್ದ. ಪಕ್ಕದ ಇಸಾಕಸಾಬರ ಮಾಳಿಗೆ ಹತ್ತಿ, ಏಣಿಯಿಂದ ತನ್ನ ಹಿತ್ತಲಿಗೆ ಇಳಿದು, ಹಿಂಬಾಗಿಲಿನಿಂದ ಒಳಗೆ.

ಕಾರಣ, ಮುಂಬಾಗಿಲಲ್ಲಿ ಕೂತಿದ್ದ ಕಂದು ನಾಯಿ. ಹೊಸದೇನಲ್ಲ. ಬ್ಯಾಡಗಿಯ ಆ ಓಣಿಯಲ್ಲೇ ಬೆಳೆದದ್ದು. ಹೆಂಡತಿ ಶೈಲಾ ಹಾಕುವ ರೊಟ್ಟಿ ತಿಂದೇ ಇತ್ತೀಚೆಗೆ ಹೊಟ್ಟೆ ಬಂದಿದೆ ಎಂದು ವೀರೇಂದ್ರ ನಂಬಿದ್ದ. ಒಂದು ಸಂಜೆ ಎಂದಿನಂತೆ ಬೈಕನ್ನು ಅಂಗಳದ ಮೆಟ್ಟಿಲ ಕೆಳಗೆ ನಿಲ್ಲಿಸಲು ಹೋದಾಗ ಅದು ಹಲ್ಲು ತೋರಿಸಿತು. ಅವನು ಓಡಿದ, ಅದು ಅಟ್ಟಿಸಿಕೊಂಡು ಬಂತು. ಬೈಕು ಬಿದ್ದಲ್ಲೇ ಉಳಿಯಿತು.

"ಮಾಳಿಗಿ ಜಿಗದು ಸಂಸಾರ ಮಾಡಾಕ ನಾ ಬೆಕ್ಕಲ್ಲ. ಬಾಗಲಾ ಖುಲ್ಲಾ ಆದ ಮ್ಯಾಲ ಕರೀರಿ" ಎಂದು ಶೈಲಾ ಹಾವೇರಿಯ ತವರಿಗೆ ಹೋಗಿದ್ದಳು.

ಮೂರು ಹೊತ್ತೂ ಅಂಗಡಿಯ ಗಿರ್ಮಿಟ್ಟು, ಮಿರ್ಚಿ ತಿಂದು ಸೋತ ವೀರೇಂದ್ರ ಇವತ್ತು ಬೆಳಿಗ್ಗೆ ಫೋನಿನಲ್ಲಿ ಸುಳ್ಳು ಹೇಳಿದ: "ಖುಲ್ಲಾ ಆಗೈತಿ, ಬಾ."

"ಹಂಗಾರ ಸಂಜೀಕ ಅವ್ವನ್ನೂ ಕರಕೊಂಡು ಬರ್ತೇನಿ. ಸುಳ್ಳಾದ್ರ ಅದ ಬಸ್ಸಿಗೆ ವಾಪಸ್."

ಇಸಾಕಸಾಬರು ನೆರವಿಗೆ ಬಂದರು. "ಕಲ್ಲ ಎತ್ತಿದಂಗ ಮಾಡು. ರಾಣೇಬೆನ್ನೂರಾಗ ನಮ್ಮ ಸಡ್ಡಕ ಹಿಂಗ ಮಾಡೇ ನಾಯಿ ಓಡಸ್ತಾನ."

ವೀರೇಂದ್ರ ಬಗ್ಗಿದ. ನಾಯಿಗೆ ರಾಣೇಬೆನ್ನೂರಿನ ಸಡ್ಡಕನ ಪರಿಚಯವಿರಲಿಲ್ಲ. ಒಂದೇ ನೆಗೆತಕ್ಕೆ ಬಂತು. ಇಬ್ಬರೂ ಮಾಳಿಗೆಯ ಮೇಲೆ ಕೂತು ಉಸಿರು ಬಿಟ್ಟರು.

"ಬ್ಯಾಡಗ್ಯಾಗಿದ್ದು ಖಾರಪುಡಿ ಬಿಟ್ಟು ಕಲ್ಲಿಗೆ ಕೈ ಹಾಕಿದ್ದ ನಮ್ಮ ತಪ್ಪು" ಎಂದರು ಇಸಾಕಸಾಬರು.

ಮೇಲಿಂದ ಒಂದು ಬೊಗಸೆ ಪುಡಿ ತೂರಿದರು. ಗಾಳಿ ತಿರುಗಿತು. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಹೊರಗಿನವರು ಹೇಳುವುದುಂಟು. ಇಬ್ಬರ ಕಣ್ಣಿಗೆ ಅಷ್ಟು ಖಾರ ಸಾಕಾಯಿತು. ನಾಯಿ ಮಾತ್ರ ಬಾಗಿಲಲ್ಲೇ ಕೂತು ಇವರ ಸೀನು ಕೇಳುತ್ತಿತ್ತು.

ಕೆಂಗಣ್ಣಿನಲ್ಲೇ ವೀರೇಂದ್ರ ಪಶು ಆಸ್ಪತ್ರೆಗೆ ಹೋದ. ಡಾಕ್ಟರ್ ಹೀನಾ ಸಮಾಧಾನದಿಂದ ಕೇಳಿಸಿಕೊಂಡರು.

"ಕಲ್ಲೂ ಬ್ಯಾಡ, ಖಾರಾನೂ ಬ್ಯಾಡ. ಓಡಬ್ಯಾಡ್ರಿ, ಓಡಿದ್ರ ಅಟ್ಟಿಸ್ತೈತಿ. ಕಣ್ಣಾಗ ಕಣ್ಣಿಟ್ಟು ನೋಡಬ್ಯಾಡ್ರಿ. ಕೈ ಮೈಗೆ ಹಚ್ಚಿ ಗಿಡದಂಗ ನಿಂದರ್ರಿ. ಅದು ಮೂಸಿ ನೋಡಿ ಹೋಗ್ತೈತಿ. ಒಂದ ವ್ಯಾಳೆ ಕಚ್ಚಿದ್ರ, ಸಾಬೂನು ಹಚ್ಚಿ ನಳದ ಕೆಳಗ ಚಲೋತ್ನಂಗ ತೊಳದು ಆವತ್ತ ದವಾಖಾನಿಗೆ ಹೋಗ್ರಿ. ಆದ್ರ ಅದಕ್ಕ ಸಿಟ್ಟು ಯಾಕ ಬಂತು? ಮರಿ ಹಾಕೇತೇನು?"

"ಓಣಿ ಪೂರಾ ಹುಡುಕೇವ್ರಿ. ಒಂದೂ ಇಲ್ಲ."

ಅದು ಖರೆ. ನಾಯಿ ಕೂತಿದ್ದ ಅಂಗಳವೊಂದನ್ನು ಬಿಟ್ಟು ಎಲ್ಲಾ ಕಡೆ ಹುಡುಕಿದ್ದರು.

ಸಂಜೆ ಆಟೋದಿಂದ ಮೊದಲು ಇಳಿದವರು ಅತ್ತೆ ಸುಶೀಲವ್ವ, ಹಿಂದೆ ಚೀಲ ಹಿಡಿದ ಶೈಲಾ. ನಾಯಿ ಗುರ್ ಎಂದು ಎದ್ದು ಬಂತು.

"ಓಡಬ್ಯಾಡ್ರಿ! ಗಿಡದಂಗ ನಿಂದರ್ರಿ" ಎಂದ ಓಣಿಯಲ್ಲಿ ಕಾದು ನಿಂತಿದ್ದ ವೀರೇಂದ್ರ.

ಅತ್ತೆ, ಮಗಳು, ಅಳಿಯ ಮೂವರೂ ಸಾಲುಗಿಡಗಳಾದರು. ನಾಯಿ ಒಬ್ಬೊಬ್ಬರನ್ನೂ ಮೂಸಿತು. ರೊಟ್ಟಿ ಹಾಕುತ್ತಿದ್ದ ಶೈಲಾಳ ಕೈ ಮೂಸಿ ಬಾಲ ಸ್ವಲ್ಪ ಆಡಿಸಿತು. ಆಮೇಲೆ ಮೆಟ್ಟಿಲ ಕೆಳಗಿನ ಖಾಲಿ ಮೆಣಸಿನಕಾಯಿ ಚೀಲಗಳ ರಾಶಿಯೊಳಗೆ ನುಗ್ಗಿತು. ಒಳಗಿನಿಂದ ಕುಂಯ್‌ಗುಟ್ಟುವ ದನಿಗಳು ಕೇಳಿಬಂದವು.

"ಅಯ್ಯ, ಬಾಣಂತಿ ಅದಾಳ" ಎಂದಳು ಶೈಲಾ.

ಸುಶೀಲವ್ವ ಅಂಗಳದ ಕೆಂಪು ಪುಡಿ ನೋಡಿದರು. "ಬಾಣಂತಿಗೆ ಖಾರಪುಡಿ ಉಗ್ಗಿದವರ್ಯಾರು?"

ವೀರೇಂದ್ರ ಮಾಳಿಗೆಯ ಮೇಲೆ ನಿಂತಿದ್ದ ಇಸಾಕಸಾಬರನ್ನು ನೋಡಿದ. ಇಸಾಕಸಾಬರು ಆಕಾಶ ನೋಡಿದರು.

ಸುಶೀಲವ್ವ ಬಂಧುಬಳಗದ ಬಾಣಂತನಗಳನ್ನೆಲ್ಲ ಮಾಡಿ ಪಳಗಿದವರು. ಮೆಟ್ಟಿಲಿಗೆ ಹಳೆ ಸೀರೆ ಮರೆ ಕಟ್ಟಿಸಿದರು, ಬಾಣಂತಿಗೆಂದು ಒಲೆಯ ಮೇಲೆ ಗೋಧಿ ಸಜ್ಜಕ ಇಟ್ಟರು. ಶೈಲಾ ದೂರದಿಂದಲೇ ನೀರಿನ ಬೋಗುಣಿ ಸರಿಸಿದಳು. ನಾಯಿ ತಕರಾರು ಮಾಡಲಿಲ್ಲ.

ಬಾಗಿಲು ಕಡೆಗೂ ಖುಲ್ಲಾ ಆಯಿತೆಂದು ವೀರೇಂದ್ರ ಖುಷಿಯಿಂದ ಬಿದ್ದಿದ್ದ ಬೈಕನ್ನು ಎತ್ತಿದ. ಸೀರೆಯ ಹಿಂದಿನಿಂದ ಗುರ್ ಎಂಬ ಸದ್ದು ಬಂತು.

ಸುಶೀಲವ್ವ ಸೌಟು ಹಿಡಿದೇ ಹೊರಗೆ ಬಂದರು. "ಅಳಿಯಂದ್ರ, ನಿಮ್ಮನ್ನ ಕಂಡ್ರ ಬಾಣಂತಿಗೆ ಸಮಾಧಾನಿಲ್ಲ. ಮರಿ ಓಡಾಡೂ ತನಕಾ ನಾವು ಇಲ್ಲಿರ್ತೇವಿ, ನೀವು ಹಾವೇರ್ಯಾಗ ನಮ್ಮ ಮನ್ಯಾಗ ಇರ್ರಿ."

"ಮಾಳಿಗಿ ಮ್ಯಾಲಿಂದ ಬಂದು ಹೋಗ್ತೇನಲ್ರಿ, ಅತ್ತಿ."

"ಧಡ್ ಧಡ್ ಇಳದ್ರ ಮರಿ ಬೆಚ್ಚತಾವು" ಎಂದಳು ಶೈಲಾ. ತಾನು ತಂದ ಚೀಲ ಖಾಲಿ ಮಾಡಿ, ಗಂಡನ ಎರಡು ಅಂಗಿ ತುಂಬಿ ಕೈಗಿಟ್ಟಳು.

ಸುಶೀಲವ್ವ ಕೀಲಿ ಕೊಟ್ಟರು. ಅವನು ಆಟೋ ಹತ್ತಿದ ಮೇಲೆ ನೆನಪಾದಂತೆ ಕೂಗಿ ಹೇಳಿದರು:

"ಅಲ್ಲಿ ನಮ್ಮ ಬಾಗಲದಾಗೂ ಒಂದ ನಾಯಿ ಐತ್ರಿ. ಹೊಸಬರು ಕಂಡ್ರ ಆಗೂದಿಲ್ಲ ಅದಕ್ಕ. ನಿಮಗೇನ, ಗಿಡದಂಗ ನಿಂದ್ರಾಕ ಬರತೈತೆಲ್ಲ."