ಗಿರಿಜಮ್ಮನ ಫೋಲ್ಡರ್

ಮನುಷ್ಯನಿಗೆ ಹೊಟ್ಟೆ ತುಂಬಿದರೆ ತೇಗು ಬರುತ್ತದೆ. ಸರ್ವರ್‌ಗೆ ತುಂಬಿದರೆ ಮಾತೇ ನಿಂತುಹೋಗುತ್ತದೆ. ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ಆ ಯಂತ್ರವನ್ನು ಸಾಕುವವನು ನಾನು. ಅದು ಓಡುತ್ತಿರುವಷ್ಟು ದಿನ ನನ್ನ ಹೆಸರು ಯಾರಿಗೂ ನೆನಪಿರುವುದಿಲ್ಲ. ನಿಂತ ಕ್ಷಣ ಕಾವಲುಗಾರನಿಗೂ ಬಾಯಿಪಾಠ.

ಮೊನ್ನೆ ಬೆಳಿಗ್ಗೆ ನಿಂತಿತು. ಗೇಟಿನಲ್ಲಿ ಲಾರಿ, ಲಾರಿಯಲ್ಲಿ ಮಾಲು, ಬಿಲ್ ಮಾತ್ರ ಹೊರಬರಲೊಲ್ಲದು. ಮ್ಯಾನೇಜರ್ ರುದ್ರೇಶ್ ಬಂದು ನನ್ನ ಕುರ್ಚಿಯ ಹಿಂದೆ ನಿಂತರು. ಯಾರಾದರೂ ಹಾಗೆ ನಿಂತರೆ ನನಗೆ ನನ್ನ ಹೆಸರನ್ನೂ ಸರಿಯಾಗಿ ಟೈಪ್ ಮಾಡಲು ಬರುವುದಿಲ್ಲ. ಕಪ್ಪು ಪರದೆಯಲ್ಲಿ ‘ಡಿಎಫ್’ ಎಂಬ ಆಜ್ಞೆ ಕೊಡಲು ಹೋಗಿ ‘ಎಫ್‌ಡಿ’ ಎಂದು ಒತ್ತಿದೆ. “ಎಫ್‌ಡಿ ಬ್ಯಾಂಕಲ್ಲಿ ಇಡ್ತಾರೆ ಕಣ್ರೀ” ಎಂದರು. ತಿದ್ದಿ ಒತ್ತಿದಾಗ ಉತ್ತರ ಬಂತು: ಡಿಸ್ಕ್ ನೂರಕ್ಕೆ ನೂರು ಭರ್ತಿ. ನನ್ನ ಕೈಯಿಂದ ಬಂದ ಮೊದಲ ನೂರಕ್ಕೆ ನೂರು ಅದು.

ಎಷ್ಟು ತುಂಬಿದೆ ಎಂಬುದನ್ನು ಡಿಎಫ್ ಹೇಳುತ್ತದೆ. ಯಾರು ತುಂಬಿದರು ಎಂದು ಚಾಡಿ ಹೇಳುವುದು ‘ಡಿಯು’. ಮನುಷ್ಯಸಹಜವಾಗಿ ಮೊದಲು ಬೇರೆಯವರ ಫೋಲ್ಡರುಗಳನ್ನೇ ಜಾಲಾಡಿದೆ. ಎಲ್ಲಕ್ಕಿಂತ ದೊಡ್ಡದಾಗಿ ‘ಗಿರಿಜಮ್ಮ’ ಎಂಬ ಹೆಸರು ಕಂಡಿತು. ಗಿರಿಜಮ್ಮ ನಮ್ಮಲ್ಲಿ ಕೆಲಸ ಮಾಡುವ ಹೆಂಗಸರ ಮಕ್ಕಳನ್ನು ನೋಡಿಕೊಳ್ಳುವಾಕೆ. ತೆರೆದರೆ ಮಕ್ಕಳ ಕೋಣೆಯ ಕ್ಯಾಮೆರಾದ ವೀಡಿಯೊಗಳು.

“ಡಿಲೀಟ್ ಮಾಡ್ರೀ, ಲಾರಿ ಕಾಯ್ತಿದೆ” ಎಂದರು ಮ್ಯಾನೇಜರ್.

ಕೇಳದೆ ಅಳಿಸಲು ಮನಸ್ಸು ಬರಲಿಲ್ಲ. ಗಿರಿಜಮ್ಮನನ್ನು ಕರೆಸಿದೆ.

“ಅಳಿಸ್ಬ್ಯಾಡಿ ಸಾ! ಅವ್ವಂದ್ರು ಮಿಸಿನ್ ತಾವ ಇದ್ದಾಗ ಮಕ್ಳು ಮೊದ್ಲು ಎಜ್ಜೆ ಇಟ್ಟಿದ್ದೆಲ್ಲಾ ಅದ್ರಾಗೈತೆ. ಆಪೀಸ್ನೋರನ್ನ ಕಾಡಿ ಬೇಡಿ ಇಡ್ಸಿವ್ನಿ.”

ಒಂದನ್ನು ಹಾಕಿದೆ. ನೀಲಿ ಬಕೆಟ್ ಹಿಡಿದು ನಿಂತಿದ್ದ ಮಗುವೊಂದು ಕೈಬಿಟ್ಟು, ನಾಲ್ಕಾರು ಹೆಜ್ಜೆ ಇಟ್ಟು, ಧೊಪ್ಪನೆ ಕುಳಿತು, ಯಾರಾದರೂ ನೋಡಿದರೇ ಎಂದು ಸುತ್ತಲೂ ನೋಡಿತು. ಅದು ಪ್ಯಾಕಿಂಗ್ ವಿಭಾಗದ ರೇಣುಕಾಳ ಮಗ. ಗಿರಿಜಮ್ಮ ಹೋಗಿ ಅವಳನ್ನು ಕರೆತಂದಳು. ಯಾದಗಿರಿ ಕಡೆಯ ರೇಣುಕಾ ಪರದೆಗೆ ಮುಖ ಅಂಟಿಸಿ ನೋಡಿದಳು.

“ಏ ಯವ್ವಾ! ನನ್ ಮುಂದ ನಡದಿದ್ದೇ ಮೊದಲು ಅಂತ ಊರಿಗೆಲ್ಲಾ ಹೇಳೀನಲ್ರಿ!” ಎಂದು ನಕ್ಕಳು, ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮ್ಯಾನೇಜರ್ ಕಿಟಕಿಯತ್ತ ತಿರುಗಿ ಲಾರಿಯನ್ನು ಬೈದರು. ಆಮೇಲೆ ಮೆಲ್ಲಗೆ, “ಇದನ್ನ ಮುಟ್ಬೇಡಿ. ಬೇರೆ ಏನಾದ್ರೂ ತೆಗೀರಿ” ಎಂದರು.

ಬೇರೆ ಎಂದರೆ ಇನ್ನು ಉಳಿದಿದ್ದು ನನ್ನ ಸುಪರ್ದಿಯ ಭಾಗ. ಅಲ್ಲಿ ಡಿಯು ಓಡಿಸಿದರೆ, ಗಿರಿಜಮ್ಮನ ಫೋಲ್ಡರನ್ನು ನುಂಗಿ ನೀರು ಕುಡಿಯುವಂಥ ಒಂದು ಕಡತ! ಎಂದೋ ಗುಜರಿಗೆ ಹೋದ ಪ್ರಿಂಟರನ್ನು ಸರ್ವರ್ ಇನ್ನೂ ಹುಡುಕುತ್ತಿತ್ತು. ‘ಸಿಗುತ್ತಿಲ್ಲ, ಸಿಗುತ್ತಿಲ್ಲ’ ಎಂದು ಬರೆದಿಡುತ್ತಲೇ ಇತ್ತು. ಹುಡುಕಬೇಡ ಎಂದು ಅದಕ್ಕೆ ಹೇಳಬೇಕಾಗಿದ್ದವನು ನಾನೇ. ಮ್ಯಾನೇಜರ್ ಓದುವ ಮೊದಲೇ ಅಳಿಸಿದೆ. ಬಿಲ್ ಬಂತು, ಲಾರಿ ಹೋಯಿತು.

ಸಂಜೆ ಅಮ್ಮಂದಿರೆಲ್ಲ ವೀಡಿಯೊ ಕೇಳಿಕೊಂಡು ಬಂದರು. ಅವರ ಫೋನುಗಳೂ ಭರ್ತಿ. ಗುಡ್ ಮಾರ್ನಿಂಗ್ ಹೂಗಳನ್ನೆಲ್ಲ ಕಿತ್ತು ಒಬ್ಬೊಬ್ಬರಿಗೂ ಜಾಗ ಮಾಡಿಕೊಟ್ಟೆ. ಅದರಲ್ಲಿ ತಡವಾಗಿ, ಓಡಿ ಬಸ್ಸು ಹತ್ತಿದರೆ ಅವರೆಲ್ಲ ಆಗಲೇ ಸೀಟು ಹಿಡಿದು ಕುಳಿತಿದ್ದರು. ರೇಣುಕಾ ಪ್ರೀತಿಯಿಂದ ಕರೆದಳು: “ಸರ್ರ, ಇಲ್ಲಿ ಬರ್ರಿ!” ಉಪಕಾರ ಮಾಡಿದವನಿಗೆ ಸೀಟು ಸಿಕ್ಕಿತೆಂದು ಬ್ಯಾಗು ಇಳಿಸುತ್ತ ನುಗ್ಗಿದೆ. ಮಗ ಅವಳ ತೊಡೆಯ ಮೇಲೆ ನಿದ್ದೆಹೋಗಿದ್ದ. ಫೋನನ್ನು ನನ್ನ ಮೂಗಿನ ಮುಂದೆ ಹಿಡಿದು, “ಇನ್ನೊಮ್ಮೆ ನೋಡ್ರಿ, ಹೆಂಗ ಬೀಳತಾನ!” ಎಂದಳು.

ನೋಡಿದೆ. ನಾನು ಇಳಿಯುವ ದಾಸರಹಳ್ಳಿಯವರೆಗೂ ನಿಂತುಕೊಂಡೇ ನೋಡಿದೆ.