ಆನೆ ಇಂಜಿನ್ನಿಗೊಂದು ಆಕ್ಸಲ್

ಹಳೆ ಗಾಡಿ ಒಂದಿದ್ದರೆ ಸಾಕು, ನಗುವಂಥದ್ದು ವಾರಕ್ಕೊಂದಾದರೂ ಆಗುತ್ತದೆ. ಅಳುವಂಥದ್ದೂ ಅದೇ ಗಾಡಿ ಹತ್ತಿಕೊಂಡು ಬರುತ್ತದೆ.

ನಮ್ಮ ಸಾಹುಕಾರ್ರು ಸುಳ್ಯದಲ್ಲಿ ಒಣಮೀನು ವ್ಯಾಪಾರದ ಬ್ಯಾರಿ. ಮಿಲಿಟರಿಯವರು ಬಿಟ್ಟುಹೋದ ಪಿಕಪ್ಪೊಂದನ್ನು ಹಿಡಿದು ಅದಕ್ಕೆ ಲಾರಿ ಇಂಜಿನ್ ಕೂರಿಸಿದ್ದರು. ಇಂಜಿನ್ ಆನೆಯದ್ದು, ಹಿಂದಿನ ಚಕ್ರ ತಿರುಗಿಸುವ ಆಕ್ಸಲ್ ಮಾತ್ರ ಆಡಿನ ಕಾಲು. ಡ್ರೈವರ್ ನನ್ನ ಅಣ್ಣ. ಐದನೇ ಕ್ಲಾಸಿಗೇ ಶಾಲೆ ಸಾಕೆಂದ ನಾನು ಕ್ಲೀನರ್. ಅಣ್ಣನಿಗಿಂತ ಮೊದಲು ಇದ್ದ ಡ್ರೈವರ್ ಸಂಪಾಜೆ ಘಾಟಿ ಇಳಿಯುವಾಗ ಆಕ್ಸಲ್ ತುಂಡಾಗಿ ಕಂದಕಕ್ಕೆ ಹೋಗಿದ್ದ. ಅವನನ್ನೂ ಮೇಲೆ ತಂದರು, ಗಾಡಿಯನ್ನೂ ತಂದರು. ರಿಪೇರಿಯಾದದ್ದು ಗಾಡಿ ಮಾತ್ರ.

೧. ತಟ್ಟಿ ನೋಡುದು

ಆ ರಿಪೇರಿಗೆ ಬೇಕಾದ ಆಕ್ಸಲ್ ಹುಡುಕಿಕೊಂಡು ಪುತ್ತೂರಿನ ಗುಜರಿ ಅಂಗಡಿಗೆ ಹೋದೆವು. ಸಾಹುಕಾರ್ರಿಗೆ ಮಡಕೆಯಾಗಲಿ, ಹಲಸಿನ ಹಣ್ಣಾಗಲಿ, ತಟ್ಟಿಯೇ ತಗೊಂಡು ಅಭ್ಯಾಸ. ಆಕ್ಸಲನ್ನೂ ಬೆರಳ ಗೆಣ್ಣಿನಿಂದ ತಟ್ಟಿ ಕಿವಿ ಇಟ್ಟರು.

"ಟಣ್ ಅಂತದೆ. ಒಳ್ಳೆ ಜಾತಿದು."

"ಶಬ್ದ ಬಿಡಿ, ದಪ್ಪ ನೋಡಿ ಸಾಹುಕಾರ್ರೇ. ಇದು ಕಾರಿನದ್ದು. ನಮ್ಮ ಇಂಜಿನ್ನಿಗೆ ಇದು ಕಡ್ಡಿ," ಎಂದ ಅಣ್ಣ.

"ನೀನು ಹುಟ್ಟಿದ ಮೇಲೆ ಎಷ್ಟು ಹಲಸು ತಟ್ಟಿದ್ದಿ ಮಾರಾಯ?"

"ಒಳಗೆ ಸೊಳೆ ಎಷ್ಟು ಉಂಟು ಅಂತಲೂ ಕೇಳಿ ಸಾಹುಕಾರ್ರೇ," ಎಂದೆ. ಗುಜರಿಯವನೂ ನಕ್ಕ. ಘಾಟಿ ಇಳಿಯಬೇಕಾದವ ಮಾತ್ರ ನಗಲಿಲ್ಲ.

೨. ಕಾಗೆ ಬಾರದ ಬೊಜ್ಜ

ಆ ಕಾರಿನ ಆಕ್ಸಲನ್ನೇ ಹಾಕಿಸಿದ ಮೂರನೇ ದಿನ ರಾಮಕುಂಜದ ಇಳಿಜಾರಿನಲ್ಲಿ ಹಿಂದೆ 'ಟಕ್' ಎಂದಿತು. ಗಾಡಿ ಕುಂಡೆ ಊರಿ ನಿಂತಿತು. ಒಂದು ಚಕ್ರ ಮಾತ್ರ ಆಕ್ಸಲ್ ತುಂಡಿನ ಸಮೇತ ಹೊರಬಂದು, ನಮ್ಮನ್ನೇ ದಾಟಿ, ಉರುಳುತ್ತಾ ಒಂದು ಮನೆಯಂಗಳಕ್ಕೆ ನುಗ್ಗಿತು.

ಅಲ್ಲಿ ಬೊಜ್ಜ, ಸತ್ತವನ ಉತ್ತರಕ್ರಿಯೆಯ ಊಟ. ಅವನಿಗೆಂದು ಎಲೆಯಲ್ಲಿ ಇಟ್ಟ ಅನ್ನ ಕಾಗೆ ಮುಟ್ಟದೆ ಯಾರೂ ಊಟಕ್ಕೆ ಕೂರುವಂತಿಲ್ಲ. ಕಾಗೆಯ ಸುದ್ದಿಯೇ ಇಲ್ಲ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ಕಾ ಕಾ ಎನ್ನುತ್ತಿರುವಾಗ ನಮ್ಮ ಚಕ್ರ ಹೋಗಿ ಆ ಎಲೆಯ ಮೇಲೇ ಅಡ್ಡಬಿತ್ತು.

ಒಬ್ಬ ಅಜ್ಜ ಕೈಮುಗಿದರು. "ಜೀವಮಾನವಿಡೀ ಎತ್ತಿನಗಾಡಿ ಹೊಡೆದವ. ಕಾಗೆಯಾಗಿ ಯಾಕೆ ಬರ್ತಾನೆ? ಎಲೆ ಹಾಕಿ, ಎಲೆ ಹಾಕಿ!"

ಅಣ್ಣ ಆಕ್ಸಲಿನ ತುಂಡು ಮುಟ್ಟಿ ನೋಡಿದ. "ಇದು ಸಂಪಾಜೆ ಘಾಟಿಯಲ್ಲಿ ಆಗಿದ್ದರೆ ನಮ್ಮ ಮನೆಯಲ್ಲೂ ಹೀಗೆ ಎರಡು ಎಲೆ ಇಡ್ತಿದ್ದರು," ಎಂದ.

ನಾನು ಪಾಯಸ ಎರಡು ಸಲ ಹಾಕಿಸಿಕೊಂಡೆ. ನಮ್ಮ ಮನೆಯ ಬೊಜ್ಜದಲ್ಲಾದರೆ ನನಗೆ ಅದೂ ಸಿಗುತ್ತಿರಲಿಲ್ಲ.

೩. ಗ್ಯಾರಂಟಿ

ಲಾರಿಯ ಆಕ್ಸಲ್ ಹಾಕದೆ ಗಾಡಿ ಮುಟ್ಟುದಿಲ್ಲ ಎಂದು ಅಣ್ಣ ಕೂತುಬಿಟ್ಟ. ಅದರಲ್ಲಿ ಭಾರ ಹೊರುದು ಹೊರಗಿನ ದಪ್ಪ ಕೊಳವೆ. ಒಳಗಿನ ದಂಡ ತುಂಡಾದರೂ ಚಕ್ರ ಹಾರುದಿಲ್ಲ. ಸಾಹುಕಾರ್ರು ಒಪ್ಪಿದರು. ಗುಜರಿಯವ ಹೊಸದಾಗಿ ಕಪ್ಪು ಬಣ್ಣ ಬಳಿದ ಒಂದನ್ನು ತೋರಿಸಿದ.

"ಕೊಳವೆಯಲ್ಲಿ ಬಿರುಕು ಇಲ್ಲ ತಾನೇ?" ಅಣ್ಣ ಕೇಳಿದ.

"ನನ್ನ ಮಕ್ಕಳಾಣೆ ಇಲ್ಲ. ಗ್ಯಾರಂಟಿ!"

ಆಕ್ಸಲ್ ಕೂತಿತು. ಮಡಿಕೇರಿಗೆ ಒಣಮೀನು ತುಂಬಿದ ದಿನ ನಾನು ಅಣ್ಣನಿಗೆ ಹೇಳಿದೆ, "ಗ್ಯಾರಂಟಿಯನ್ನೂ ಹತ್ತಿಸಿಕೊಳ್ಳುವ." ಮಡಿಕೇರಿ ತೋರಿಸ್ತೇವೆಂದು ಗುಜರಿಯವನನ್ನು ಕರೆದು, ಆಕ್ಸಲಿನ ನೇರಕ್ಕೆ ಮೀನಿನ ಗೋಣಿಯ ಮೇಲೆ ಕೂರಿಸಿದೆವು. ನಾನೂ ಪಕ್ಕದಲ್ಲೇ ಕೂತೆ. ಹಳೆ ಡ್ರೈವರ್ ಹೇಗೆ ಬಿದ್ದ, ಯಾವ ಮರದಲ್ಲಿ ಎಂತ ನೇತಾಡುತ್ತಿತ್ತು ಎಂದು ದಾರಿಯುದ್ದಕ್ಕೂ ಹೇಳಿದೆ. ಅರ್ಧ ನಾನೇ ಕಟ್ಟಿದ್ದು.

ಕಲ್ಲುಗುಂಡಿಯಲ್ಲಿ ಅವ ಕ್ಯಾಬಿನ್ ಬಡಿದು ಗಾಡಿ ನಿಲ್ಲಿಸಿದ. ಇಳಿದವನೇ ಚಾದ ಅಂಗಡಿಯ ಕಂಬ ತಬ್ಬಿಕೊಂಡ.

"ಹತ್ತಿ ಮಾರಾಯ್ರೆ, ಘಾಟಿ ಇನ್ನು ಮುಂದೆ," ಎಂದೆ.

"ನಾನು ಬರುದಿಲ್ಲ! ನೀವೂ ಹೋಗ್ಬೇಡಿ! ಕೊಳವೆ ಬಿರಿದದ್ದು, ಬೆಸುಗೆ ಹಾಕಿ ಬಣ್ಣ ಬಳಿದದ್ದು. ಒಳ್ಳೆದು ಅಂಗಡಿ ಹಿಂದೆ ಉಂಟು, ಇವತ್ತೇ ಕೊಡ್ತೇನೆ."

ಅಣ್ಣ ಇಳಿದು ಬಂದು ರಸ್ತೆ ಬದಿಯ ಕಲ್ಲಿನ ಮೇಲೆ ಕೂತ. ಮುಖ ಬೂದಿಯ ಹಾಗೆ. ಗುಜರಿಯವನನ್ನು ಕೇಳಿದ, "ಮಕ್ಕಳಾಣೆ ಹಾಕಿದ್ದಿರಲ್ಲ. ಆ ಮಕ್ಕಳ ಮೇಲಾದರೂ ಕನಿಕರ ಬೇಡವಾ?"

"ಎಲ್ಲಿಯ ಮಕ್ಕಳು ಮಾರಾಯ," ಎಂದು ಗುಜರಿಯವ ಕಂಬ ಬಿಡದೆಯೇ ಹೇಳಿದ, "ನನಗೆ ಮದುವೆಯೇ ಆಗಲಿಲ್ಲ!"