ಲಿಂಗರಾಜನ ಕಾಲು ಚಾಚುವ ಆಸೆ

ಎಲ್ಲಕ್ಕೂ ಕಾರಣ ಲಿಂಗರಾಜನ ಕಾಲು. ಆರಡಿ ಎರಡಂಗುಲದ ಆಳು. ವಿಮಾನದ ಇಕ್ಕಟ್ಟು ಸೀಟಿನಲ್ಲಿ ಊರಿಗೆ ಹೋಗಿಬಂದರೆ ವಾರಗಟ್ಟಲೆ ಮೊಣಕಾಲು ನೋವು. ಒಮ್ಮೆಯಾದರೂ ಬಿಸಿನೆಸ್ ಕ್ಲಾಸಿನಲ್ಲಿ ಕಾಲು ಚಾಚಿ ಮಲಗಿ ಬೆಂಗಳೂರು ಸೇರಬೇಕೆಂದು ನಾಲ್ಕು ವರ್ಷದಿಂದ ವಿಮಾನದ ಪಾಯಿಂಟ್ಸ್ ಕೂಡಿಹಾಕುತ್ತಿದ್ದ. ಅವನು ಕೆಲಸಕ್ಕಿದ್ದ ವಿದೇಶದ ಊರು ಕಿಸ್ಟಾದ ಆಫೀಸಿನಲ್ಲಿ ಯಾರೇ ಊಟ ಮಾಡಲಿ, ಬಿಲ್ಲು ಪಾಯಿಂಟ್ಸ್ ಬರುವ ಇವನ ಕಾರ್ಡಿನಿಂದಲೇ. ಆಮೇಲೆ ಎಲ್ಲರೂ ತಮ್ಮ ಪಾಲಿನ ದುಡ್ಡನ್ನು ಫೋನಿನಲ್ಲೇ ಇವನಿಗೆ ಸ್ವಿಶ್ ಮಾಡಬೇಕು.

ಅಂದು ಬೆಳಗಿನ ಫೀಕಾ, ಅಂದರೆ ಕಾಫಿ ವಿರಾಮದ ಹೊತ್ತಿಗೆ, ಕಪ್ಪು ಹಿಡಿದು ಫೋನ್ ನೋಡಿದರೆ, ಮೂರು ಲಕ್ಷ ಪಾಯಿಂಟ್ಸ್ ಇದ್ದಲ್ಲಿ ಬರೀ ಇನ್ನೂರ ಹನ್ನೆರಡು! ಪಕ್ಕದ ಸೀಟಿನ ಸಹೋದ್ಯೋಗಿ ಭಾಸ್ಕರ ಕತ್ತು ಚಾಚಿ ಇಣುಕಿದ. ಅವನೂ ಪಾಯಿಂಟ್ಸ್ ಕೂಡಿಹಾಕುವವನೇ, ಆದರೆ ಬಾಯಿ ಬಿಡುವವನಲ್ಲ.

"ಹ್ಯಾಕ್ ಆಗಿದೆ ಗುರು. ತಡ ಮಾಡ್ದೆ ಫೋನ್ ಮಾಡು."

ಎದುರು ಕೂತಿದ್ದ ನವ್ಯಾ, ಮೊದಲು ಮನೆಯಲ್ಲಿ ಕೇಳಿ ಎಂದಳು. ಹೆಂಡತಿ ಪದ್ಮಿನಿಗೆ ಹೇಳಿದರೆ ಬೈಸಿಕೊಳ್ಳಬೇಕಲ್ಲ ಎಂದು ಇವನು ಒಪ್ಪಲಿಲ್ಲ.

ಮುಕ್ಕಾಲು ಗಂಟೆ ಕ್ಯೂನಲ್ಲಿ ಕಾದ ಮೇಲೆ ಏರ್‌ಲೈನ್‌ನ ಹೆಂಗಸೊಬ್ಬಳು ಸ್ಪೀಕರಿನಲ್ಲಿ ಸಿಕ್ಕಳು. ಡಿಸೆಂಬರ್ ಹದಿನೆಂಟಕ್ಕೆ ಬೆಂಗಳೂರಿಗೆ ಎರಡು ಟಿಕೆಟ್, ಇಂದು ಬೆಳಿಗ್ಗೆಯಷ್ಟೇ ಬುಕ್ ಆಗಿವೆ, ಪ್ರಯಾಣಿಕರ ಹೆಸರು ಹೇಳಲೇ ಎಂದಳು. ಕಳ್ಳರ ಹೆಸರು ಕಟ್ಟಿಕೊಂಡು ನನಗೇನಾಗಬೇಕು, ಮೊದಲು ಕ್ಯಾನ್ಸಲ್ ಮಾಡಿ ಎಂದು ಲಿಂಗರಾಜ ಅವಳ ಮಾತನ್ನು ಅರ್ಧಕ್ಕೇ ತುಂಡರಿಸಿದ. ಅವಳು ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡು ಕ್ಯಾನ್ಸಲ್ ಮಾಡಿದಳು. ಪಾಯಿಂಟ್ಸ್ ವಾಪಸ್ ಬಂದವು. ಆ ಖುಷಿಗೆ ಎಲ್ಲರಿಗೂ ದಾಲ್ಚಿನ್ನಿ ಬನ್ನು ತರಿಸಿದ, ಅದೇ ಕಾರ್ಡಿನಲ್ಲಿ. ಭಾಸ್ಕರ ಮಾತ್ರ ಬನ್ನು ಬಿಟ್ಟು ಲ್ಯಾಪ್‌ಟಾಪಿನಲ್ಲಿ ಮುಳುಗಿದ್ದ.

ಸಂಜೆ ಮನೆಗೆ ಬಂದರೆ ಹೋಳಿಗೆಯ ಘಮ. ರೇಷ್ಮೆ ಸೀರೆಯುಟ್ಟ ಪದ್ಮಿನಿ ಕೈಗೊಂದು ಲಕೋಟೆ ಕೊಟ್ಟಳು. ಮದುವೆಯಾಗಿ ಅಂದಿಗೆ ಹತ್ತು ವರ್ಷ, ಲಿಂಗರಾಜ ಮರೆತೇಬಿಟ್ಟಿದ್ದ. ಒಳಗೆ ಬಿಸಿನೆಸ್ ಕ್ಲಾಸಿನ ಎರಡು ಟಿಕೆಟ್. ಡಿಸೆಂಬರ್ ಹದಿನೆಂಟು.

"ನೀವು ಬರೀ ಕೂಡಿಡ್ತೀರಿ ಅಂತ ನಾನೇ ಬುಕ್ ಮಾಡ್ಬಿಟ್ಟೆ ರೀ. ನಿಮ್ಮ ಪಾಸ್‌ವರ್ಡ್ ಹೇಗೂ ನನ್ನ ಹೆಸರೇ ಅಲ್ವಾ? ಪಾಯಿಂಟ್ಸ್‌ಗೆ ಕೊಡೋಕೆ ಆ ದಿನ ಉಳಿದಿದ್ದೇ ಎರಡು ಸೀಟು."

ಮುಖ ತೊಳೆದು ಬರುತ್ತೇನೆಂದು ಲಿಂಗರಾಜ ಬಾತ್‌ರೂಮಿಗೆ ಓಡಿ, ಚಿಲಕ ಹಾಕಿ, ಅವೇ ಸೀಟು ಮತ್ತೆ ಹಿಡಿಯಲು ಫೋನ್ ತೆಗೆದ. ಅಷ್ಟರಲ್ಲಿ ಭಾಸ್ಕರನ ಮೆಸೇಜು ಬಂತು.

"ನಿನ್ನಿಂದ ದೊಡ್ಡ ಉಪಕಾರ ಆಯ್ತು ಗುರು. ನೀನು ಕ್ಯಾನ್ಸಲ್ ಮಾಡ್ಸಿದ ಎರಡೂ ಸೀಟು ನಂಗೇ ಸಿಕ್ತು. ಊರಿಂದ ಏನಾದ್ರೂ ತರ್ಬೇಕಾ?"

ಹೊರಗಿನಿಂದ ಪದ್ಮಿನಿಯ ದನಿ ಕೇಳಿಸಿತು.

"ರೀ, ಬೆಳಿಗ್ಗೆಯಿಂದ ಮೇಲ್ ನೋಡೋಕೇ ಪುರುಸೊತ್ತಾಗಿಲ್ಲ. ಏರ್‌ಲೈನ್‌ನಿಂದ ಏನೋ ಬಂದಿದೆ. ತಾಳಿ, ಓದ್ತೀನಿ."

ಲಿಂಗರಾಜ ಕಮೋಡಿನ ಮೇಲೆ ಕುಸಿದು ಕೂತ. ಅಲ್ಲಿಯೂ ಕಾಲು ಚಾಚಲು ಜಾಗವಿರಲಿಲ್ಲ.